ಶೈಲಿಗೂ ಒಂದು ರೋಹಿತ

ಬೆಳ್ಳಂದೂರಿನ ಕಚೇರಿಯೊಂದರಲ್ಲಿ ನೀವು ಬರೆದ ಪತ್ರದ ಧಾಟಿ ಒರಟಾಗಿದೆ ಎಂದು ಗಣಕವು ಹೇಗೆ ಹೇಳಬಲ್ಲದು?

ಶೈಲಿಯನ್ನು ವಿಂಗಡಿಸುವುದು ನಮಗೆ ಹೊಸದಲ್ಲ. 9ನೇ ಶತಮಾನದ ‘ಕವಿರಾಜಮಾರ್ಗ’ವು ದಕ್ಷಿಣ ಮತ್ತು ಉತ್ತರ ಮಾರ್ಗಗಳನ್ನು ಗುಣಗಳಿಂದ ಬೇರ್ಪಡಿಸಿತ್ತು. ಶೈಲಿಯನ್ನು ಎಣಿಕೆಗೆ ಒಳಪಡಿಸಿದ ಮೊದಲಿಗರಲ್ಲಿ ಒಬ್ಬರು ಅಮೆರಿಕದ ಭೌತವಿಜ್ಞಾನಿ ಥಾಮಸ್ ಮೆಂಡೆನ್‌ಹಾಲ್. 1887ರಲ್ಲಿ ಅವರು ಎಷ್ಟು ಅಕ್ಷರಗಳ ಪದ ಎಷ್ಟು ಸಲ ಬರುತ್ತದೆಂದು ಎಣಿಸಿ ನಕ್ಷೆ ಬರೆದರು. ಧಾತುವಿಗೆ ರೋಹಿತವಿರುವಂತೆ ಲೇಖಕನಿಗೂ ಉಂಟು ಎಂಬುದು ಅವರ ಊಹೆ. 1964ರಲ್ಲಿ ಮೋಸ್ಟೆಲ್ಲರ್ ಮತ್ತು ವಾಲೇಸ್ ಇಂಗ್ಲಿಷಿನ ಸಣ್ಣಪುಟ್ಟ ಪದಗಳನ್ನು ಎಣಿಸಿ, ‘ಫೆಡರಲಿಸ್ಟ್’ ಮಾಲೆಯಲ್ಲಿ ಕರ್ತೃ ಯಾರೆಂಬ ವಿವಾದವಿದ್ದ 12 ಪ್ರಬಂಧಗಳು ಮ್ಯಾಡಿಸನ್ನರವೇ ಇರಬೇಕೆಂದು ಸಂಭವನೀಯತೆಯ ಗಣಿತದಿಂದ ತೋರಿಸಿದರು.

ಇಂದಿನ ತಂತ್ರಾಂಶವು ಪದಗಳನ್ನು ಸಂಖ್ಯೆಗಳ ಸಾಲುಗಳಾಗಿ ಮಾರ್ಪಡಿಸುತ್ತದೆ. ಅಪಾರ ಪಠ್ಯದಲ್ಲಿ ಯಾವ ಪದದೊಡನೆ ಯಾವುದು ಬರುತ್ತದೆಂದು ಕಲಿತು, ಧಾಟಿಯನ್ನು ಅಂದಾಜಿಸಿ, ಬದಲಿ ವಾಕ್ಯವನ್ನು ಸೂಚಿಸುತ್ತದೆ.

ಇಲ್ಲೊಂದು ತೊಡಕನ್ನು ಗಮನಿಸಿ. ‘ಬಾ’ ಎಂದು ಮಗ ತಾಯಿಯನ್ನು ಕರೆದರೆ ಸಲುಗೆ. ಮೇಲಧಿಕಾರಿಯನ್ನು ಕರೆದರೆ ಉದ್ಧಟತನ. ಪದ ಒಂದೇ, ಸಂಬಂಧ ಬೇರೆ. ಆ ಸಂಬಂಧವು ಪಠ್ಯದಲ್ಲಿ ಕಾಣದಿದ್ದರೆ ಯಂತ್ರಕ್ಕೆ ಉಳಿಯುವುದು ಊಹೆಯೊಂದೇ. ಆದ್ದರಿಂದ ಶಿಕ್ಷಕರೇ, ವಿದ್ಯಾರ್ಥಿಯು ಯಂತ್ರದ ತಿದ್ದುಪಡಿಯನ್ನು ಒಪ್ಪುವ ಮುನ್ನ, ಯಾರಿಗೆ ಬರೆಯುತ್ತಿದ್ದೇನೆ ಎಂಬುದನ್ನು ಅವನಿಂದಲೇ ಹೇಳಿಸಿ.