ದನದ ಪ್ಯಾಟಿ, ಬ್ಯಾಂಕಿನ ಸಾಲ

ಬೈಲಹೊಂಗಲದ ದನದ ಪ್ಯಾಟಿಯಲ್ಲಿ ದರ ಕುದುರುವುದು ಟವೆಲ್ಲಿನಡಿ, ಬೆರಳು ಒತ್ತಿ. ಸಂಚಕಾರ ಕೈಗೆ ಬಿದ್ದರೆ ಮಾತು ಮುಗಿಯಿತು. ಬಾಕಿ ರೊಕ್ಕ ಹಗ್ಗ ಬಿಚ್ಚುವ ಮೊದಲೇ ಎಣಿಸಬೇಕು. ಇಂಥ ಪ್ಯಾಟಿಗೆ ಬ್ಯಾಂಕು ಕಾಗದ ಹಿಡಿದು ಬಂದದ್ದನ್ನು ಕ್ಷೇತ್ರಾಧಿಕಾರಿಯಾಗಿ ಕಣ್ಣಾರೆ ಕಂಡವನು ನಾನು.

ಎತ್ತಿಗೆ ಸಾಲ ಹೊಸದಲ್ಲ. 1876–78ರ ಬರದಲ್ಲಿ ಮೇವಿಲ್ಲದೆ ಈ ಸೀಮೆಯ ದನಗಳು ಸತ್ತವು. ಮುಂದೆ 1884ರ ಕಾಯ್ದೆಯಡಿ ಎತ್ತು, ಬೀಜಕ್ಕೆಂದು ಸರಕಾರ ತಗಾವಿ ಸಾಲ ಕೊಟ್ಟಿತು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ ಮೇಲೆ ಸೊಸೈಟಿಗಳು ಹಬ್ಬಿದವು. ಆದರೂ ಹೋರಿ ಕೊಳ್ಳಲು ಹೊರಟವನು ತಟ್ಟುತ್ತಿದ್ದುದು ಸಾಹುಕಾರನ ಕದ. ಆತ ನಸುಕಿನಲ್ಲೂ ಎದ್ದು ರೊಕ್ಕ ಕೊಡುತ್ತಿದ್ದ.

1976ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಆಶ್ರಯದಲ್ಲಿ ಧಾರವಾಡದಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಹುಟ್ಟಿತು. ಸವದತ್ತಿ, ರಾಮದುರ್ಗದ ಹೊಳೆಯ ಹೆಸರೇ ಬ್ಯಾಂಕಿಗೆ. 1980ರ ಅಕ್ಟೋಬರ್ 2ರಿಂದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ (ಐಆರ್‌ಡಿಪಿ) ದೇಶದ ಎಲ್ಲ ಬ್ಲಾಕುಗಳಿಗೂ ಬಂತು. ಎಮ್ಮೆ ಸಾಲದ ಕಾಲ ಶುರುವಾಯಿತು. ಸಣ್ಣ ರೈತನಿಗೆ ನಾಲ್ಕರಲ್ಲೊಂದು, ಅತಿ ಸಣ್ಣವನಿಗೆ ಮೂರರಲ್ಲೊಂದು ಪಾಲು ಸಬ್ಸಿಡಿ. ಬ್ಯಾಂಕಿನವರು, ಬ್ಲಾಕ್ ಆಫೀಸಿನವರು, ದನದ ಡಾಕ್ಟರು ಕೂಡಿಯೇ ಪ್ಯಾಟಿಗೆ ಹೋಗುತ್ತಿದ್ದೆವು. ಡಾಕ್ಟರು ಎಮ್ಮೆಯ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ಕೆಚ್ಚಲು ಹಿಂಡಿ ನೋಡುತ್ತಿದ್ದರು, ಆಮೇಲೆ ಇಕ್ಕಳದಿಂದ ಕಿವಿಗೆ ಓಲೆ ಹೊಡೆಯುತ್ತಿದ್ದರು. ಒಂದೇ ಎಮ್ಮೆ ಎರಡು ಸಾಲಕ್ಕೆ ನಿಲ್ಲಬಾರದೆಂಬುದಕ್ಕೆ ಆ ಓಲೆ. ಆದರೆ ಸರಕಾರ ಗೊತ್ತುಮಾಡಿದ ದರಕ್ಕೆ ಒಳ್ಳೆಯ ಹಯನದ ಎಮ್ಮೆ ಸಿಗುತ್ತಿರಲಿಲ್ಲ. ಮೇಲಿನ ರೊಕ್ಕಕ್ಕೆ ರೈತ ಮತ್ತೆ ಸಾಹುಕಾರನ ಕಡೆಗೇ ಹೋಗಬೇಕು. ಬ್ಯಾಂಕಿನ ಸಾಲವೇ ಇನ್ನೊಂದು ಸಾಲ ಹುಟ್ಟಿಸಿದ್ದು ಹೀಗೆ.

ಎಮ್ಮೆ ಸತ್ತರೆ ವಿಮೆಗೆ ಓಲೆಯಿರುವ ಕಿವಿಯನ್ನೇ ಕೊಯ್ದು ತರಬೇಕಿತ್ತು. ಸವದತ್ತಿ ಕಡೆಯ ಹೆಣ್ಣುಮಗಳೊಬ್ಬಳು ಅರಿವೆಯ ಗಂಟನ್ನು ನನ್ನ ಮೇಜಿನ ಮೇಲಿಟ್ಟು, "ಕಿವಿ ತಂದೀನ್ರಿ ಸಾಹೇಬ್ರ, ನಂಬರ್ ನೋಡ್ರಿ" ಎಂದಳು. ಓಲೆಯ ನಂಬರು ರಕ್ತದಡಿ ಸರಿಯಾಗಿಯೇ ಇತ್ತು. ಆ ಕಿವಿ ಕೊಯ್ಯಿಸುವ ಪದ್ಧತಿ ಬಡವರಿಗೆ ಮಾಡಿದ ಅವಮಾನ; ಇದನ್ನು ಇಂದೂ ಹೇಳುತ್ತೇನೆ.

1999ರಲ್ಲಿ ಐಆರ್‌ಡಿಪಿ ಮುಗಿಯಿತು. ಮಲಪ್ರಭಾ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಅದು 2025ರ ಮೇ 1ರಂದು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಬೆರೆಯಿತು. ಈಗ ದನದ ಕಿವಿಗೆ 12 ಅಂಕಿಯ ಹಳದಿ ಓಲೆ. ಕಿಸಾನ್ ಕ್ರೆಡಿಟ್ ಕಾರ್ಡ್ ಹೈನಿಗೂ ಸಿಗುತ್ತದೆ, ಆದರೆ ಮೇವು, ಹಿಂಡಿಯ ಖರ್ಚಿಗೆ. ಎಮ್ಮೆ ಕೊಳ್ಳಲು ಬೇರೆ ಸಾಲವೇ ಬೇಕು. ದನದ ಪ್ಯಾಟಿ ಕೂಡುವುದು ನಸುಕಿನಲ್ಲಿ, ಶಾಖೆಯ ಕದ ತೆರೆಯುವುದು ಹತ್ತಕ್ಕೆ. ಪ್ಯಾಟಿಯ ದಿನವಾದರೂ ಬ್ಯಾಂಕಿನವರು, ಡಾಕ್ಟರು, ವಿಮೆಯವರು ಬೆಳಗಿನ ಆರಕ್ಕೆ ಪ್ಯಾಟಿಯಲ್ಲೇ ಕೂತು, ಅವತ್ತೇ ಸಾಲ ಬರೆದು, ಅವತ್ತೇ ರೊಕ್ಕ ಕೊಡಬೇಕು.