ಲೆಕ್ಕದಲ್ಲಿ ಸತ್ತ ಕಂಪ್ಯೂಟರು, ಗಲ್ಲಾದ ಮೇಲಿನ ಪರದೆ

ಬೆಂಗಳೂರಿನ ಬಿಟಿಎಂ ಲೇಔಟಿನ ಯಾವ ಮುಖ್ಯರಸ್ತೆಗೆ ಕಾಲಿಟ್ಟರೂ ಹೊಳೆಯುವ ಪರದೆಗಳು ಕಣ್ಣಿಗೆ ಬೀಳುತ್ತವೆ. ದರ್ಶಿನಿಯ ಗಲ್ಲಾದ ಮೇಲೆ ಮಸಾಲೆ ದೋಸೆ ಹೊಗೆಯಾಡುತ್ತದೆ, ಪಿಜಿಯ ಬಾಗಿಲಲ್ಲಿ ಖಾಲಿ ಮಂಚದ ಬಾಡಿಗೆ ಓಡುತ್ತದೆ, ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ಬ್ರಷ್ ಹಿಡಿಯುವ ಪಾಠ ನೂರೊಂದನೇ ಸಲ ನಡೆಯುತ್ತದೆ. ಕೆಲವು ಪರದೆಗಳ ಬೆನ್ನಿಗೆ ನೀಲಿ ಮೂತಿಯ ವಿಜಿಎ ಕೇಬಲ್ ಇರುತ್ತದೆ. ಅದರ ಜಾಡು ಹಿಡಿದು ಹೋದರೆ ಅಟ್ಟದ ಮೇಲೋ ಮೇಜಿನ ಅಡಿಯಲ್ಲೋ ಧೂಳು ಮೆತ್ತಿದ ಸಿಪಿಯು ಸಿಗುತ್ತದೆ. ಯಾವುದೋ ಕಚೇರಿಯಲ್ಲಿ ಕೆಲವು ವರ್ಷ ದುಡಿದು ನಿವೃತ್ತವಾದ ಯಂತ್ರ ಅದು. ಇದನ್ನು ಜುಗಾಡ್ ಎಂದೋ ಜಿಪುಣತನ ಎಂದೋ ನಕ್ಕು ಬಿಡುವವರೇ ಹೆಚ್ಚು. ಆದರೆ ಈ ಯಂತ್ರಗಳನ್ನು 'ಹಳೆಯದು' ಮಾಡಿದ್ದು ಯಾರು ಎಂದು ಕೇಳಿದರೆ ಕಥೆ ಬೇರೆಯಾಗುತ್ತದೆ. ಹಳೆಯದೆಂಬ ತೀರ್ಪು ಯಂತ್ರದ ಒಳಗಿಂದ ಬಂದದ್ದಲ್ಲ, ಲೆಕ್ಕಪುಸ್ತಕದಿಂದ ಬಂದದ್ದು. ಗಲ್ಲಾದ ಮೇಲಿನ ಪರದೆ ಆ ತೀರ್ಪಿನ ಮೇಲೆ ದಿನವೂ ನಡೆಯುವ ಮೇಲ್ಮನವಿ.

ಮೊದಲು ಬೇಡಿಕೆಯ ಕಡೆ ನೋಡೋಣ. ಹಳೆಯ ಕಾಲದ ಹೋಟೆಲಿನಲ್ಲಿ ತಿಂಡಿಯ ಪಟ್ಟಿಗೆ ಬೋರ್ಡು ಅಷ್ಟಾಗಿ ಬೇಕಿರಲಿಲ್ಲ. ಮಾಣಿ ಮೇಜಿನ ಬಳಿ ನಿಂತು ಇಡ್ಲಿ, ವಡೆ, ಉಪ್ಪಿಟ್ಟು, ಕೇಸರಿಭಾತ್ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಲ್ಲಿ ಕೆಫೆ ದರ್ಶಿನಿ ಶುರುವಾದಾಗ ಕುರ್ಚಿಯ ಜೊತೆಗೆ ಮಾಣಿಯೂ ಹೋದ. ಮೊದಲು ಗಲ್ಲಾದಲ್ಲಿ ದುಡ್ಡು, ಆಮೇಲೆ ಟೋಕನ್, ಆಮೇಲೆ ನಿಂತು ತಿನ್ನುವುದು. ಹೀಗಾದ ಮೇಲೆ ಮಾಣಿಯ ಬಾಯಿಯ ಕೆಲಸ ಗೋಡೆಗೆ ಬಂತು. ಮೊದಲು ಬಣ್ಣದಲ್ಲಿ ಬರೆದ ಹಲಗೆ, ಆಮೇಲೆ ಒಳಗೆ ಟ್ಯೂಬ್‌ಲೈಟ್ ಇಟ್ಟ ಪ್ಲಾಸ್ಟಿಕ್ ಫಲಕ. ಕಾಫಿಯ ಬೆಲೆ ಎರಡು ರೂಪಾಯಿ ಏರಿದಾಗಲೆಲ್ಲ ಅಂಕಿಯ ಮೇಲೆ ಬಿಳಿ ಚೀಟಿ ಅಂಟಿಸಬೇಕಾದ ಫಲಕವದು. ಚೀಟಿಯ ಅಂಚು ಎದ್ದು ಹಳೆಯ ಬೆಲೆ ಇಣುಕಿದರೆ ಗಲ್ಲಾದಲ್ಲಿ ಜಗಳ. ಬದಲಾಗುವ ಬೋರ್ಡಿನ ಹಸಿವು ದಕ್ಷಿಣ ಬೆಂಗಳೂರಿನಲ್ಲಿ ಎಲ್‌ಸಿಡಿ ಬರುವುದಕ್ಕೆ ಮೊದಲೇ ಇತ್ತು. ಪರದೆ ಹುಟ್ಟಿಸಿದ ಬೇಡಿಕೆ ಅದಲ್ಲ.

ಪೂರೈಕೆಗೆ ಬಂದರೆ, ಬಿಟಿಎಂ ಇರುವ ಜಾಗವೇ ಅರ್ಧ ಉತ್ತರ ಹೇಳುತ್ತದೆ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ ಹೊತ್ತ ಈ ಬಡಾವಣೆಗೆ ಒಂದು ಮಗ್ಗುಲಲ್ಲಿ ಜಯನಗರ, ಇನ್ನೊಂದು ಮಗ್ಗುಲಲ್ಲಿ ಹೊಸೂರು ರಸ್ತೆ. ಆ ರಸ್ತೆಯ ಮುಂದಿನ ತುದಿಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ 332 ಎಕರೆಯಲ್ಲಿ ಎಬ್ಬಿಸಿದ ಎಲೆಕ್ಟ್ರಾನಿಕ್ಸ್ ಸಿಟಿ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ನಗರಕ್ಕೆ ಬಂತು, 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ನೆಲೆಯೂರಿತು. ಕಂಪನಿಗಳ ನೌಕರರು ಮಲಗಲು ಬಂದದ್ದು ಬಿಟಿಎಂ, ಮಡಿವಾಳದ ಕಡೆಗೆ. ಅವರ ಹಿಂದೆಯೇ ಪಿಜಿ, ಮೆಸ್ಸು, ಕೋಚಿಂಗು, ಜಿಮ್ಮು. ಹೊಸ ಕಂಪ್ಯೂಟರು ಕೂರುವ ಜಾಗಕ್ಕೂ ಹಳೆಯ ಪರದೆ ಬೇಕಾದ ಜಾಗಕ್ಕೂ ನಡುವೆ ಒಂದು ಗೂಡ್ಸ್ ಆಟೋ ಓಡುವಷ್ಟೇ ದೂರ. ಹಳೆಯ ಮಾಲು ನೇರವಾಗಿ ಸಿಗದಿದ್ದರೆ ಪುರಭವನದ ಹಿಂದಿನ ಎಸ್‌ಪಿ ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಇದ್ದೇ ಇತ್ತು.

ಈಗ ಲೆಕ್ಕಪುಸ್ತಕ. ಆದಾಯ ತೆರಿಗೆಯ ನಿಯಮ ಕಂಪ್ಯೂಟರಿನ ಮೇಲೆ ವರ್ಷಕ್ಕೆ ನೂರಕ್ಕೆ 60ರಷ್ಟು ಸವಕಳಿ ತೋರಿಸಲು ಬಹುಕಾಲ ಬಿಟ್ಟಿತ್ತು. 2017ರ ಏಪ್ರಿಲ್‌ನಿಂದ ಅದು 40ಕ್ಕೆ ಇಳಿಯಿತು. 30,000 ರೂಪಾಯಿಯ ಯಂತ್ರ ಹಳೆಯ ದರದಲ್ಲಿ ಒಂದು ವರ್ಷಕ್ಕೆ 12,000, ಎರಡಕ್ಕೆ 4,800, ಮೂರಕ್ಕೆ 1,920. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಂತೂ ಮೇಜಿನ ಕಂಪ್ಯೂಟರು, ಲ್ಯಾಪ್‌ಟಾಪುಗಳ ಆಯುಸ್ಸು ಮೂರು ವರ್ಷ ಎಂದೇ ಬರೆದಿಟ್ಟಿದೆ. ಸುಂಕವಿಲ್ಲದೆ ಯಂತ್ರ ತರಿಸಿಕೊಳ್ಳುತ್ತಿದ್ದ ರಫ್ತು ಘಟಕಗಳಿಗೆ ಕಸ್ಟಮ್ಸ್ ಇಲಾಖೆ ಕೊಟ್ಟ ಕೋಷ್ಟಕ ಇನ್ನೂ ಸ್ವಾರಸ್ಯದ್ದು. ತ್ರೈಮಾಸಿಕಕ್ಕೆ ಮೊದಲ ವರ್ಷ ಶೇಕಡಾ 10, ಎರಡನೇ ವರ್ಷ 8, ಮೂರನೇ ವರ್ಷ 5, ಆಮೇಲೆ 1. ಕೂಡಿಸಿ ನೋಡಿದರೆ ಮೂರು ವರ್ಷಕ್ಕೆ ಬೆಲೆಯ 92 ಪಾಲು ಕರಗಿ, ಐದನೇ ವರ್ಷದ ಕೊನೆಗೆ ಸೊನ್ನೆ. ಹೀಗೆ ಮೂರು ಕಡೆಯ ಕಾನೂನು ಒಂದೇ ಹೊತ್ತಿಗೆ ಗಂಟೆ ಬಾರಿಸಿದಾಗ ಕಂಪನಿ ಯಂತ್ರವನ್ನು ಇಟ್ಟುಕೊಳ್ಳಲು ಕಾರಣ ಉಳಿಯಲಿಲ್ಲ. ಅದೇ ರಫ್ತು ಘಟಕಗಳು ಎರಡು ವರ್ಷ ಬಳಸಿದ ಕಂಪ್ಯೂಟರನ್ನು ಸುಂಕ ಕಟ್ಟದೆ ದಾನ ಕೊಡಬಹುದೆಂಬ ಅವಕಾಶವೂ ವಿದೇಶಿ ವ್ಯಾಪಾರ ನೀತಿಯಲ್ಲಿತ್ತು. ಆದರೆ ಶಾಲೆ, ಧರ್ಮಾರ್ಥ ಆಸ್ಪತ್ರೆ, ಸಾರ್ವಜನಿಕ ಗ್ರಂಥಾಲಯ ಇಂಥವುಗಳಿಗೆ ಮಾತ್ರ. ದರ್ಶಿನಿಯ ಹೆಸರು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಗಲ್ಲಾದ ಮೇಲೆ ಕೂತ ಯಂತ್ರ ದಾನದ್ದಲ್ಲ, ಕೊಂಡು ತಂದದ್ದು. ಕೊಳ್ಳುವವನು ಅದರಲ್ಲಿ ಕಂಡ ಬೆಲೆಯನ್ನು ಲೆಕ್ಕಪುಸ್ತಕ ಕಂಡಿರಲಿಲ್ಲ, ಅಷ್ಟೆ.

ಆ ಬೆಲೆ ಎಲ್ಲಿತ್ತು? ವಿಡಿಯೋ ಓಡಿಸುವುದು ಹೊರಗಿಂದ ಕಂಡಷ್ಟು ಭಾರದ ಕೆಲಸವಲ್ಲ. 1993ರ ವಿಸಿಡಿ ಮಾನದಂಡದ ಚಿತ್ರ ನಮ್ಮ ಟಿವಿ ಪದ್ಧತಿಯಲ್ಲಿ 352 ಅಡ್ಡ, 288 ಉದ್ದ. ಒಂದು ತಟ್ಟೆಯಲ್ಲಿ 74 ನಿಮಿಷ ಹಿಡಿಸುತ್ತಿದ್ದುದರಿಂದ ಒಂದು ಸಿನಿಮಾಕ್ಕೆ ಎರಡು ತಟ್ಟೆ. 486 ಪ್ರೊಸೆಸರಿನ ಯಂತ್ರಕ್ಕೆ ಇದನ್ನು ಬಿಡಿಸಲು ಬೇರೆ ಕಾರ್ಡು ಬೇಕಿತ್ತು. ಪೆಂಟಿಯಂ ಬಂದ ಮೇಲೆ ತಂತ್ರಾಂಶವೊಂದೇ ಸಾಕಾಯಿತು. ಕೇಬಲ್ ಆಪರೇಟರುಗಳ ಕಂಟ್ರೋಲ್ ರೂಮುಗಳಲ್ಲಿ ವಿಸಿಆರ್ ಹೋಗಿ ಕಂಪ್ಯೂಟರು ಕೂತದ್ದು ಈ ಹಾದಿಯಲ್ಲೇ. ಮುಂದೆ ಬಂದ ಹೆಚ್.264 ಎಂಬ ಬಿಗಿಯಾದ ಸಂಕೋಚನವನ್ನು ಬಿಡಿಸಲು ಚಿಪ್ಪಿನೊಳಗೇ ಪ್ರತ್ಯೇಕ ಮಂಡಲ ಇಡುವ ಪದ್ಧತಿ ಬೆಳೆಯಿತು. 2011ರ ಎರಡನೇ ತಲೆಮಾರಿನ ಇಂಟೆಲ್ ಕೋರ್ ಯಂತ್ರ ಇವತ್ತಿಗೂ ಪೂರ್ಣ ಹೆಚ್‌ಡಿ ಚಿತ್ರವನ್ನು ಬೆವರದೆ ಓಡಿಸುವುದು ಆ ಮಂಡಲದಿಂದ. ಬ್ರೌಸರು ತಡವರಿಸುತ್ತದೆ, ಆ್ಯಂಟಿವೈರಸ್ ಏದುಸಿರು ಬಿಡುತ್ತದೆ, ವಿಎಲ್‌ಸಿ ಮಾತ್ರ ಸುಮ್ಮನೆ ಓಡುತ್ತದೆ. ಕಚೇರಿಯ ಕೆಲಸಕ್ಕೆ ಸೋತದ್ದು ವಿಡಿಯೋಗೂ ಸೋತಿರುತ್ತದೆ ಎಂಬ ಊಹೆಯೇ ತಪ್ಪು. ಎರಡೂ ಬೇರೆ ಬೇರೆ ಅಂಗಗಳ ಕೆಲಸ.

ಇಲ್ಲಿ ಕನ್ನಡದ ಒಂದು ಸಣ್ಣ ಲಾಭವೂ ಅಡಗಿದೆ. ಹಳೆಯ ಯಂತ್ರದಲ್ಲಿ ಕನ್ನಡ ಮೂಡಿಸುವುದು ತಲೆನೋವಿನ ಕೆಲಸವಾಗಿತ್ತು. ಬರಹ, ನುಡಿ ತಂತ್ರಾಂಶಗಳಲ್ಲಿ ಟೈಪಿಸಿದ್ದು ಅದೇ ಅಕ್ಷರಮುಖವಿಲ್ಲದ ಇನ್ನೊಂದು ಯಂತ್ರದಲ್ಲಿ ಚಿಂದಿಯಾಗುತ್ತಿತ್ತು. ಯುನಿಕೋಡ್ ಬಂದ ಮೇಲೂ ಒತ್ತಕ್ಷರ ಪಕ್ಕಕ್ಕೆ ಜಾರಿ 'ಅಕ್ಕಿರೊಟ್ಟಿ' ಬಿಡಿಬಿಡಿಯಾಗಿ ಬಿದ್ದಿರುತ್ತಿತ್ತು. ಡಿಟಿಪಿ ಅಂಗಡಿಯಲ್ಲಿ ಪಟ್ಟಿಯನ್ನು ಚಿತ್ರವಾಗಿಸಿ, ಚಿತ್ರಗಳನ್ನು ಪೋಣಿಸಿ ವಿಡಿಯೋ ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟರೆ ಆ ತೊಡಕೇ ಇಲ್ಲ. ಓಡಿಸುವ ಯಂತ್ರಕ್ಕೆ ಕನ್ನಡ ಬರಬೇಕಿಲ್ಲ. ತೋರಿಸಲು ಬಂದರೆ ಸಾಕು.

ಈ ವಾದಕ್ಕೆ ಬಲವಾದ ಆಕ್ಷೇಪಣೆ ಕರೆಂಟ್ ಬಿಲ್ಲಿನದು, ಅದನ್ನು ತಳ್ಳಿಹಾಕುವ ಹಾಗಿಲ್ಲ. ಪೆಂಟಿಯಂ 4ರ ಕೆಲವು ಮಾದರಿಗಳ ಪ್ರೊಸೆಸರೊಂದೇ 100 ವ್ಯಾಟ್ ಮೀರುತ್ತಿತ್ತು. ಡಬ್ಬ ಪೂರ್ತಿ ಸೇರಿ 100 ವ್ಯಾಟ್ ಎಂದೇ ಹಿಡಿದರೂ ದಿನಕ್ಕೆ 14 ಗಂಟೆ ಓಡಿದರೆ 1.4 ಯೂನಿಟ್, ವರ್ಷಕ್ಕೆ 511. ಕಲ್ಲಿದ್ದಲಿನ ಕರೆಂಟಿಗೆ ಯೂನಿಟ್ಟಿಗೆ ಆರೇಳು ನೂರು ಗ್ರಾಂ ಲೆಕ್ಕ ಹಾಕಿದರೆ ವರ್ಷಕ್ಕೆ 300 ಕಿಲೋಗೂ ಹೆಚ್ಚು ಕಲ್ಲಿದ್ದಲು. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯ 2004ರಲ್ಲಿ ಪ್ರಕಟಿಸಿದ ಅಧ್ಯಯನ, 17 ಅಂಗುಲದ ಮಾನಿಟರಿನ ಸಮೇತ ಒಂದು ಹೊಸ ಕಂಪ್ಯೂಟರು ತಯಾರಿಸಲು 240 ಕಿಲೋ ಪಳೆಯುಳಿಕೆ ಇಂಧನ ಬೇಕು ಎಂದಿತ್ತು. ಅಂದರೆ ಬರೀ ತೂಕದ ಲೆಕ್ಕದಲ್ಲಿ ಪೆಂಟಿಯಂ 4 ಒಂದೇ ವರ್ಷದಲ್ಲಿ ತನ್ನ ಹುಟ್ಟಿನ ಖರ್ಚನ್ನು ಮೀರಿ ಉರಿಸುತ್ತದೆ. 2012ರಲ್ಲಿ ಕೆಲವೇ ವ್ಯಾಟ್ ಕುಡಿದು ಪೂರ್ಣ ಹೆಚ್‌ಡಿ ಓಡಿಸುವ ರಾಸ್ಪ್‌ಬೆರಿ ಪೈ 35 ಡಾಲರಿಗೆ ಬಂದ ಮೇಲೆ ಅಂಥ ಡಬ್ಬವನ್ನು ಗಲ್ಲಾದ ಮೇಲೆ ಇಟ್ಟುಕೊಂಡದ್ದು ಉಳಿತಾಯವಲ್ಲ, ಅಭ್ಯಾಸ. ಆದರೆ 20 ವ್ಯಾಟಿನ ಹಳೆಯ ಲ್ಯಾಪ್‌ಟಾಪಿಗೆ ಇದೇ ಲೆಕ್ಕ ಹಾಕಿ ನೋಡಿ: ವರ್ಷಕ್ಕೆ ಸುಮಾರು 102 ಯೂನಿಟ್, ಐದರಲ್ಲಿ ಒಂದು ಪಾಲು. ಆಕ್ಷೇಪಣೆ ಹಳೆಯ ಯಂತ್ರಗಳಲ್ಲಿ ಒಂದು ತಲೆಮಾರನ್ನು ಉರುಳಿಸುತ್ತದೆ, ಎಲ್ಲವನ್ನೂ ಅಲ್ಲ. ಮೂರು ವರ್ಷದ ಕೋಷ್ಟಕಕ್ಕೆ ಈ ಭೇದ ತಿಳಿಯುವುದಿಲ್ಲ. ಕರೆಂಟ್ ಮೀಟರಿಗೆ ತಿಳಿಯುತ್ತದೆ.

ಇನ್ನೊಂದು ಆಕ್ಷೇಪಣೆ, ಈಗಿನ ಟಿವಿಗೇ ಪೆನ್‌ಡ್ರೈವ್ ಚುಚ್ಚಬಹುದಲ್ಲ, ಕಂಪ್ಯೂಟರು ಯಾಕೆ ಎಂಬುದು. ನ್ಯಾಯವಾದ ಪ್ರಶ್ನೆ. ಉತ್ತರ ಬೆಂಗಳೂರಿನ ಕರೆಂಟಿನಲ್ಲಿದೆ. ಕರೆಂಟು ಹೋಗಿ ಬಂದರೆ ಎಷ್ಟೋ ಟಿವಿಗಳು ಮಲಗಿರುತ್ತವೆ, ಇಲ್ಲವೇ ಮುಖಪುಟ ತೋರಿಸುತ್ತ ರಿಮೋಟಿಗೆ ಕಾಯುತ್ತವೆ. ರಿಮೋಟು ಮಾಲೀಕರ ಮನೆಯಲ್ಲಿರುತ್ತದೆ. ಕಂಪ್ಯೂಟರಿನ ಬಯೋಸ್‌ನಲ್ಲಾದರೆ ಕರೆಂಟು ಬಂದೊಡನೆ ತಾನೇ ಏಳುವ ಸೌಲಭ್ಯವನ್ನು ಒಮ್ಮೆ ಹೊಂದಿಸಿ, ಪ್ಲೇಯರನ್ನು ಆರಂಭದ ಪಟ್ಟಿಗೆ ಸೇರಿಸಿದರೆ ಬೆಳಗಿನ ಐದೂವರೆಗೆ ಶಟರ್ ಎತ್ತುವ ಹುಡುಗ ಮೇನ್ ಸ್ವಿಚ್ ಹಾಕಿದರೆ ಸಾಕು. ನೆಟ್ಟಿಗೆ ಜೋಡಿಸದ ಯಂತ್ರವಾದ್ದರಿಂದ 2014ರ ಏಪ್ರಿಲ್ 8ಕ್ಕೆ ವಿಂಡೋಸ್ ಎಕ್ಸ್‌ಪಿಯ ರಕ್ಷಣೆ ನಿಂತದ್ದೂ ಅದಕ್ಕೆ ತಟ್ಟಲಿಲ್ಲ.

ಎರಡನೇ ಜೀವನ ಮುಗಿದ ಮೇಲಿನದು ಅಷ್ಟು ಚೆಂದದ ಕಥೆಯಲ್ಲ. ಹಳೆಯ ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿದೆ. ಗೌರಿಪಾಳ್ಯದಂಥ ಕಡೆ ಬರಿಗೈಯಲ್ಲಿ ಕೇಬಲ್ ಸುಟ್ಟು ತಾಮ್ರ ತೆಗೆದ ಚರಿತ್ರೆಯೂ ಈ ನಗರದ್ದೇ. ದಾಬಸ್‌ಪೇಟೆಯಲ್ಲಿ ಇ-ತ್ಯಾಜ್ಯ ಸಂಸ್ಕರಿಸುವ ಇ-ಪರಿಸರ ಸಂಸ್ಥೆ 2005ರಲ್ಲಿ ಶುರುವಾಯಿತು, ಇ-ತ್ಯಾಜ್ಯದ ನಿಯಮ 2012ರ ಮೇ 1ರಿಂದ ಜಾರಿಗೆ ಬಂತು. ದೊಡ್ಡ ಕಂಪನಿಗಳು ಅಧಿಕೃತ ದಾರಿಗೆ ಬಂದವು. ದರ್ಶಿನಿಯ ಅಟ್ಟದ ಡಬ್ಬ ಮಾತ್ರ ಗುಜರಿ ಗಾಡಿಗೇ ಹೋಗುತ್ತದೆ. ಮರುಬಳಕೆಯನ್ನು ಹೊಗಳುವವರು ಇದನ್ನು ಮುಚ್ಚಿಡಬಾರದು. ಹಾಗೆಂದು ಬಳಸದೆ ಒಡೆಯುವುದೇ ಶುದ್ಧ ಎನ್ನುವುದೂ ಆಗದು. ಬಿಟಿಎಂ ಪಕ್ಕದ ಗುರಪ್ಪನಪಾಳ್ಯದಲ್ಲಿ, ಸುದರ್ಶನ ಲೇಔಟಿನ ಕೊಳೆಗೇರಿಯಲ್ಲಿ, ಸ್ವತಂತ್ರ ತಂತ್ರಾಂಶ ಚಳವಳಿಯ ಕಾರ್ಯಕರ್ತರು ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ ಕಟ್ಟಿದ್ದು ಹೀಗೆ ಕೈಬಿಟ್ಟ ಯಂತ್ರಗಳಿಗೆ ಗ್ನು/ಲಿನಕ್ಸ್ ಹಾಕಿ. ಅಲ್ಲಿನ ಮಕ್ಕಳು ಅವುಗಳಲ್ಲೇ ಚಿತ್ರ ಬಿಡಿಸಲು ಕಲಿತರು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲದ ಅವಧಿ ಮುಗಿಯಿತು. ಈ ಸಲ ತೀರ್ಪು ಕೊಟ್ಟದ್ದು ಲೆಕ್ಕಪುಸ್ತಕವಲ್ಲ, ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿ. 2015ರಲ್ಲಿ ಬಂದ ಆರನೇ ತಲೆಮಾರಿನ ಇಂಟೆಲ್ ಕೋರ್‌ನಲ್ಲಿ ಹೆಚ್.265 ವಿಡಿಯೋ ಬಿಡಿಸುವ ಮಂಡಲ ಇದೆ. ಆ ಪಟ್ಟಿಯಲ್ಲಿ ಅದರ ಹೆಸರಿಲ್ಲ.