ಡಾಲ್ಡಾ ಡಬ್ಬಿಯಲ್ಲೊಂದು ಉಕ್ಕಿನ ತುಂಡು

ಹಳೇ ಬೈಕು ಬಿಚ್ಚಿ ಜೋಡಿಸೋರಿಗೆ ಗೊತ್ತಿರೋ ತಮಾಷೆ ಒಂದಿದೆ: ಎಲ್ಲಾ ಮುಗಿದ ಮೇಲೆ ಒಂದು ಪಾರ್ಟ್ ಉಳಿದುಬಿಡುತ್ತೆ. ನನ್ನ ವಿಷಯದಲ್ಲಿ ಆಗಿದ್ದು ಬೇರೆ. ಬೈಕಿಗಿಂತ ಮೊದಲು ಪಾರ್ಟೇ ಬಂತು. ನಮ್ಮೂರಿನ ಮೆಕ್ಯಾನಿಕ್ ಒಬ್ಬರು ಅಂಗಡಿ ಮುಚ್ಚುವಾಗ, "ನಿಂಗೆ ಈ ಹುಚ್ಚು ಇದೆಯಲ್ಲ, ತಗೊಂಡೋಗು" ಅಂತ ಒಂದು ಡಾಲ್ಡಾ ಡಬ್ಬಿ ಕೊಟ್ಟರು. ಸುತ್ತಲಿನ ಹತ್ತಾರು ಊರುಗಳ ಬೈಕುಗಳ ಅಳಿದುಳಿದ ಸಾಮಾನೆಲ್ಲ ಅದರಲ್ಲಿತ್ತು. ಬೋಲ್ಟು, ಸ್ಪ್ರಿಂಗು, ಬುಷ್ಷುಗಳ ಗುರುತು ಸಿಕ್ಕಿತು. ಒಂದರದ್ದು ಮಾತ್ರ ಸಿಗಲಿಲ್ಲ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ಉಕ್ಕಿನ ತುಂಡು, ಶಾಫ್ಟಿಗೆ ಕೂರೋ ತೂತು, ಅಂಚಿನಲ್ಲಿ ಇಳಿಜಾರು. ನಂಬರಿಲ್ಲ, ಹೆಸರಿಲ್ಲ.

ನಾವು ಆಫೀಸಲ್ಲಿ ಕಾಮೆಂಟೇ ಇಲ್ಲದ ಹಳೇ ಕೋಡ್ ಓದ್ತೀವಲ್ಲ, ಇದೂ ಹಾಗೇ. ಬರೆದವರು ಸಿಗಲ್ಲ, ಬರೆದದ್ದನ್ನೇ ಕೇಳಬೇಕು.

ಮೊದಲ ಪ್ರಶ್ನೆ, ಯಾವ ದೇಶದ್ದು? 1960ರ ದಶಕದಲ್ಲಿ ನಮ್ಮ ಕಡೆ ಓಡಾಡಿದ ಬೈಕುಗಳು ಮುಖ್ಯವಾಗಿ ಮೂರು. ವಿದೇಶಿ ವಾಹನಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದ್ದ ಕಾಲ ಅದು. ಹಾಗಾಗಿ ನಮ್ಮ ಕಂಪನಿಗಳು ಹೊರಗಿನವರ ಜೊತೆ ಒಪ್ಪಂದ ಮಾಡಿಕೊಂಡು ಇಲ್ಲೇ ಬೈಕು ತಯಾರಿಸಿದವು. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯ್ತು, ಬುಲೆಟ್ಟಿನ ಮೂಲ ಇಂಗ್ಲೆಂಡು. ಎಸ್ಕಾರ್ಟ್ಸ್ ಕಂಪನಿಯ ರಾಜದೂತ್ ಪೋಲೆಂಡಿನ ಎಸ್‌ಎಚ್‌ಎಲ್ ಬೈಕಿನಿಂದ ಬಂದದ್ದು. ಮೂರನೆಯದು ನಮ್ಮ ಮೈಸೂರಿನದೇ. 1961ರಿಂದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಮೂಲ ಜೆಕೊಸ್ಲೊವಾಕಿಯಾ.

ಇಂಗ್ಲಿಷರ ಬೈಕು ಇಂಚಿನ ಲೆಕ್ಕದ್ದು, ಉಳಿದೆರಡು ಮಿಲಿಮೀಟರಿನವು. ವರ್ನಿಯರ್ ಹಿಡಿದು ತೂತು ಅಳೆದರೆ ಇಂಚಿನ ಯಾವ ಭಿನ್ನರಾಶಿಗೂ ಹೊಂದಲಿಲ್ಲ. ಮಿಲಿಮೀಟರಿನಲ್ಲಿ ಪೂರ್ಣಾಂಕ ಬಂತು. ಬುಲೆಟ್ ಹೊರಗೆ ಹೋಯ್ತು.

ಎರಡನೇ ಪ್ರಶ್ನೆ, ಇದರ ಕೆಲಸ ಏನು? ಅದಕ್ಕೆ ಉತ್ತರ ಸವೆತದಲ್ಲಿರುತ್ತೆ. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದಾಗ ಇಳಿಜಾರಿನ ಎರಡೂ ಕಡೆ ಕನ್ನಡಿಯಂಥ ಹೊಳಪು ಕಾಣಿಸಿತು. ಅಂದರೆ ಇದು ಪೂರ್ತಿ ಸುತ್ತೋ ಸಾಮಾನಲ್ಲ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ತಿರುಗಿ, ಎರಡು ಸಲವೂ ಏನನ್ನೋ ತಳ್ಳುತ್ತೆ. ಬೈಕಿನಲ್ಲಿ ಮೇಲಕ್ಕೂ ಕೆಳಕ್ಕೂ ಆಡೋದು ಯಾವುದು? ಗೇರ್ ಲಿವರ್! ಆದರೆ ಗೇರ್ ಲಿವರ್ ಗೇರ್ ಬದಲಾಯಿಸೋದರ ಜೊತೆಗೆ ಇನ್ನೇನನ್ನು ತಳ್ಳಬೇಕು?

ಕ್ಲಚ್ಚನ್ನು. ಹಳೇ ಜಾವಾದ ಪಾರ್ಟ್ಸ್ ಪುಸ್ತಕದ ಚಿತ್ರ ನೋಡಿದಾಗ ಅನುಮಾನ ಉಳಿಯಲಿಲ್ಲ. ಜಾವಾದಲ್ಲಿ ಗೇರ್ ಲಿವರ್ ಮೇಲೆ ಕಾಲು ಒತ್ತಿದ ಕೂಡಲೇ ಈ ಕ್ಯಾಮ್ ತಿರುಗಿ ಕ್ಲಚ್ ಬಿಡಿಸುತ್ತೆ, ಆಮೇಲೆ ಗೇರ್ ಬೀಳುತ್ತೆ. ಕಾಲು ಸಡಿಲಿಸಿದರೆ ಕ್ಲಚ್ ತಾನಾಗೇ ಹಿಡಿಯುತ್ತೆ. ನಿಂತ ಗಾಡಿ ಹೊರಡಿಸೋಕೆ ಎಡಗೈ ಬೇಕು. ಓಡುವಾಗ ಗೇರ್ ಹಾಕೋಕೆ ಕಾಲೊಂದೇ ಸಾಕು. ರಾಜದೂತಿನಲ್ಲಿ ಈ ವ್ಯವಸ್ಥೆ ಇರಲಿಲ್ಲ. ಇನ್ನೊಂದು ಸೊಗಸು, ಜಾವಾದ ಗೇರ್ ಲಿವರ್ರೇ ಕಿಕ್ಕರ್ ಕೂಡ.

ಈ ಚಿಕ್ಕ ತುಂಡಿನ ಹಿಂದಿನ ಕಥೆ ದೊಡ್ಡದು. ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಎಂಜಿನಿಯರ್ ಪ್ರಾಗ್‌ನಲ್ಲಿ ಆಯುಧ ತಯಾರಿಸುತ್ತಿದ್ದರು. 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಸೋ ಹಕ್ಕು ಕೊಂಡರು. ಯಾನೆಚೆಕ್‌ನ 'ಜಾ', ವಾಂಡರರ್‌ನ 'ವಾ' ಸೇರಿ ಜಾವಾ. 1939ರಲ್ಲಿ ಹಿಟ್ಲರನ ಸೈನ್ಯ ಪ್ರಾಗ್ ಹೊಕ್ಕಿತು. ಕಾರ್ಖಾನೆ ಜರ್ಮನರ ಕೆಲಸಕ್ಕೆ ನಿಂತಿತು, 1941ರಲ್ಲಿ ಯಾನೆಚೆಕ್ ತೀರಿಕೊಂಡರು. ಆ ಆಕ್ರಮಣದ ವರ್ಷಗಳಲ್ಲೇ ಅಲ್ಲಿನ ಎಂಜಿನಿಯರುಗಳು ಯುದ್ಧ ಮುಗಿದ ಮೇಲೆ ಬೇಕಾಗೋ ಹೊಸ 250 ಸಿಸಿ ಬೈಕನ್ನು ಗುಟ್ಟಾಗಿ ರೂಪಿಸುತ್ತಿದ್ದರು. 1946ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಚಿನ್ನದ ಪದಕ ಗೆದ್ದ 'ಪೆರಾಕ್' ಅದೇ. ಕಾಲಿನಿಂದಲೇ ಕ್ಲಚ್ ಬಿಡಿಸೋ ಈ ಉಪಾಯವೂ ಅದರಲ್ಲಿತ್ತು. ಅದರ ಮುಂದಿನ ಪೀಳಿಗೆ ಮೈಸೂರಿಗೆ ಬಂದು, ಹಾಲಿನ ಕ್ಯಾನು, ಮೇವಿನ ಹೊರೆ, ಮೂರು ಜನರನ್ನು ಹೊತ್ತು ನಮ್ಮ ಮಣ್ಣುರಸ್ತೆಗಳಲ್ಲಿ ಓಡಿತು.

ಹಾಗಾದರೆ ಈ ಕ್ಯಾಮ್ ಬೈಕಿನಲ್ಲಿರೋದು ಬಿಟ್ಟು ಡಬ್ಬಿಗೆ ಯಾಕೆ ಬಂತು? ಆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಕೇಳಿದೆ. "ಸೆಟ್ಟಿಂಗ್ ತಪ್ಪಿದರೆ ಕ್ಲಚ್ ಜಾರ್ತಿತ್ತು. ಗಿರಾಕಿಗಳು ಗಾಡಿ ಬೇಗ ಕೊಡು ಅಂತ ಕೂತಿರೋರು. ತೆಗೆದುಬಿಟ್ರೂ ಗಾಡಿ ಓಡ್ತಿತ್ತಲ್ಲ" ಅಂದರು. ನಿಜ, ಕೈ ಕ್ಲಚ್ಚಿನ ಪಾಡಿಗೆ ಅದು ಕೆಲಸ ಮಾಡುತ್ತೆ. ಪಿಸ್ಟನ್ ಇಲ್ಲದೆ ಗಾಡಿ ಓಡಲ್ಲ, ಅದಕ್ಕೇ ಪಿಸ್ಟನ್ನನ್ನು ಯಾರೂ ಮರೆಯಲ್ಲ. ಇಲ್ಲದಿದ್ದರೂ ನಡೆಯುತ್ತೆ ಅನ್ನಿಸೋ ಭಾಗವೇ ಮೊದಲು ಕಳೆದುಹೋಗೋದು. ಎಷ್ಟೋ ಜಾವಾಗಳು ಇವತ್ತು ಫಳಫಳ ಬಣ್ಣ ಹೊಡೆಸಿಕೊಂಡು, ತಮ್ಮ ಅತ್ಯಂತ ಜಾಣ ಭಾಗವೇ ಇಲ್ಲದೆ ರಸ್ತೆಗಿಳಿಯುತ್ತಿವೆ. ಸವಾರನಿಗೂ ಅದು ಗೊತ್ತಿರಲ್ಲ.

ಮನುಷ್ಯರ ವಿಷಯದಲ್ಲೂ ಇದೇ ನಡೀತಿದೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. 1961ರಲ್ಲಿ ಇಪ್ಪತ್ತರ ವಯಸ್ಸಿಗೆ ಕೆಲಸಕ್ಕೆ ಸೇರಿದವರಿಗೆ ಈಗ ಎಂಬತ್ತು ದಾಟಿದೆ. ಮಾಲೀಕರ ಹೆಸರು, ಮಾಡೆಲ್ಲುಗಳ ಹೆಸರು ಗೂಗಲ್ಲಿನಲ್ಲಿ ಸಿಗುತ್ತೆ. ಈ ಕ್ಯಾಮನ್ನು ಎಷ್ಟು ಬಿಗಿ ಮಾಡಬೇಕು, ಕಾಲಿಗೆ ಹೇಗೆ ಅನ್ನಿಸಿದರೆ ಸೆಟ್ಟಿಂಗ್ ಸರಿ ಅನ್ನೋದು ಅವರ ಬೆರಳಲ್ಲಿದೆ, ಅಷ್ಟೇ.

ಮೈಸೂರಿನ ಕಡೆಯವರಾದರೆ ನಿಮ್ಮ ನೆಂಟರಲ್ಲೋ ಬೀದಿಯಲ್ಲೋ ಅಂಥವರೊಬ್ಬರು ಇದ್ದಾರು. ಮುಂದಿನ ಸಲ ಊರಿಗೆ ಹೋದಾಗ ಮಾತಾಡಿಸಿ. ಫೋನಿನ ರೆಕಾರ್ಡರ್ ಆನ್ ಮಾಡಿಕೊಂಡು, "ಯಾವ ವಿಭಾಗದಲ್ಲಿದ್ರಿ, ದಿನಾ ಏನ್ ಮಾಡ್ತಿದ್ರಿ?" ಅಂತ ಕೇಳಿ. ಹಿತ್ತಲಲ್ಲಿ ತುಕ್ಕು ಹಿಡಿದ ಡಬ್ಬಿ ಇದ್ದರೆ ಅದನ್ನೂ ಗುಜರಿಗೆ ಹಾಕೋ ಮೊದಲು ಅವರ ಮುಂದೆ ಸುರಿಯಿರಿ.